ಐದನೇ ಕ್ಲಾಸಿನ ಮಗುವಿಗೆ ನವೋದಯ ಪರೀಕ್ಷೆ: ಮನೆಯಲ್ಲೇ ತಯಾರಿ ಮಾಡಿಸುವುದು ಹೇಗೆ?

ನವೋದಯ ಶಾಲೆಯ ಆರನೇ ತರಗತಿಗೆ ಸೇರಲು ಐದನೇ ಕ್ಲಾಸಿನಲ್ಲಿ ಬರೆಯುವ ಪರೀಕ್ಷೆ ಇದು. ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳೂ ಬರೆದಿದ್ದಾರೆ. ಮಗಳು ಆಯ್ಕೆಯಾದಳು. ಮೂರು ವರ್ಷದ ನಂತರ ಮಗ ಬರೆದ, ಅವನಿಗೆ ಆಗಲಿಲ್ಲ. ಇಬ್ಬರಿಗೂ ಓದಿಸಿದ್ದು ನಾನೇ. ಸಂಜೆ ಹೊತ್ತು ಜಗಲಿ ಮೇಲೆ ಚಾಪೆ ಹಾಕಿಕೊಂಡು ಕೂರುತ್ತಿದ್ದೆವು. ನಾನು ಟೀಚರ್ ಅಲ್ಲ, ಪಿಯುಸಿ ಓದಿದ ತಾಯಿ. ಅದಕ್ಕೇ ಈ ಬರಹ ನನ್ನಂಥ ಅಪ್ಪ ಅಮ್ಮಂದಿರಿಗೆ.

ಈ ಪರೀಕ್ಷೆ ಅಂದ ಕೂಡಲೇ ಊರಿನಲ್ಲಿ ಎಲ್ಲರೂ ಕೋಚಿಂಗ್ ಹೆಸರು ಹೇಳುತ್ತಾರೆ. ಮಗಳನ್ನು ನಾನೂ ಮೊದಲು ಒಂದು ಕಡೆ ಸೇರಿಸಿದ್ದೆ. ಅಲ್ಲಿ ದಿನಕ್ಕೆ ನೂರು ಪ್ರಶ್ನೆ ಕೊಟ್ಟು, ಬೋರ್ಡಿನ ಮೇಲೆ ಸರಿ ಉತ್ತರ ಬರೆದು, ನೋಡಿಕೊಂಡು ಬರೆಯಲು ಹೇಳುತ್ತಿದ್ದರು. ಪುಸ್ತಕ ತುಂಬಾ ಟಿಕ್ ಮಾರ್ಕು, ಮಗುವಿಗೆ ಮಾತ್ರ ಏನೂ ಗೊತ್ತಿಲ್ಲ. ಎರಡೇ ತಿಂಗಳಿಗೆ ಬಿಡಿಸಿದೆ. ಮಗು ಎಲ್ಲಿ ತಪ್ಪುತ್ತಿದೆ, ಯಾಕೆ ತಪ್ಪುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡುವವರು ಒಬ್ಬರು ಬೇಕು. ದಿನಕ್ಕೆ ಒಂದು ಗಂಟೆ ಸಾಕು, ಅದನ್ನು ಮನೆಯಲ್ಲೇ ಕೊಡಬಹುದು.

ಮೊದಲು ಮನೆಯಲ್ಲಿ ಮಾತಾಡಿ

ನವೋದಯ ವಸತಿ ಶಾಲೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಯೋಜನೆ ಇದು. ಹಳ್ಳಿಯ ಜಾಣ ಮಕ್ಕಳಿಗೆ ಒಳ್ಳೆಯ ಶಾಲೆ ಸಿಗಬೇಕು ಅನ್ನೋದು ಉದ್ದೇಶ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. 9ನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಅಂತ ಕಟ್ಟಬೇಕು. ಹೆಣ್ಣುಮಕ್ಕಳು, ಎಸ್‌ಸಿ, ಎಸ್‌ಟಿ, ಅಂಗವಿಕಲ ಮತ್ತು ಬಿಪಿಎಲ್ ಕುಟುಂಬದ ಮಕ್ಕಳಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಜಾಸ್ತಿ.

ಇದೆಲ್ಲ ಸರಿ. ಆದರೆ ಹತ್ತು ಹನ್ನೊಂದು ವರ್ಷದ ಮಗು ಮನೆ ಬಿಟ್ಟು ಹೋಗಬೇಕು. 9ನೇ ತರಗತಿಯಲ್ಲಿ ನೂರಕ್ಕೆ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಇದು ಅನೇಕ ತಂದೆತಾಯಿಗಳಿಗೆ ಗೊತ್ತಾಗುವುದೇ ಮಗು ಎಂಟನೇ ಕ್ಲಾಸಿಗೆ ಬಂದ ಮೇಲೆ. ಮೊದಲೇ ತಿಳಿದುಕೊಂಡಿರಿ. ಮಗುವಿಗೂ ಹೇಳಿ. "ಹಾಸ್ಟೆಲ್ ಇರುತ್ತೆ, ಅಮ್ಮ ದಿನಾ ಸಿಗಲ್ಲ, ಹೋಗ್ತೀಯಾ?" ಅಂತ ನೇರವಾಗಿ ಕೇಳಿ. ನನ್ನ ಮಗಳು ಹೂಂ ಅಂದಿದ್ದಳು. ಆದರೂ ಮೊದಲ ತಿಂಗಳು ಫೋನಿನಲ್ಲಿ ಅಳುತ್ತಿದ್ದಳು. ಮನಸ್ಸಿಲ್ಲದ ಮಗುವನ್ನು ಬಲವಂತ ಮಾಡಿ ಕೂರಿಸಿದರೆ ತಯಾರಿಯೂ ಆಗಲ್ಲ, ಹೋದ ಮೇಲೆ ನಿಲ್ಲುವುದೂ ಇಲ್ಲ.

ಅರ್ಜಿ ಮತ್ತು ದಾಖಲೆ

ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ. ಶುಲ್ಕ ಇಲ್ಲ. ಸೈಬರ್ ಸೆಂಟರಿನಲ್ಲಿ ತುಂಬಿಸಿದರೆ ಅವರ ಕೆಲಸಕ್ಕೆ ಒಂದಿಷ್ಟು ಕೊಡಬೇಕಾಗುತ್ತದೆ, ಅಷ್ಟೇ. ಶಾಲೆ ಶುರುವಾಗುವ ಜೂನ್, ಜುಲೈ ಹೊತ್ತಿಗೆ ನವೋದಯ ವಿದ್ಯಾಲಯ ಸಮಿತಿಯ ವೆಬ್‌ಸೈಟ್ ನೋಡುತ್ತಿರಿ. ಪರೀಕ್ಷೆ ದಿನಾಂಕ ಹಿಂದೆ ಮುಂದೆ ಆಗುತ್ತಿರುತ್ತದೆ. 2025ರಲ್ಲಿ ನಮ್ಮ ರಾಜ್ಯಕ್ಕೆ ಜನವರಿ 18ರಂದು ಒಂದು ಸಲ ಪರೀಕ್ಷೆ ಆಯಿತು. ಅದರ ಮುಂದಿನ ಸಾಲಿನದು ಅದೇ ವರ್ಷ ಡಿಸೆಂಬರ್ 13ಕ್ಕೇ ಬಂತು. ಹಾಗಾಗಿ ಡಿಸೆಂಬರ್‌ಗೆ ತಯಾರಿರುವ ಲೆಕ್ಕದಲ್ಲೇ ಹೊರಡಿ.

ಮಗು ಯಾವ ಜಿಲ್ಲೆಯಲ್ಲಿ 5ನೇ ತರಗತಿ ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಅದೇ ಜಿಲ್ಲೆಯಲ್ಲಿ ವಾಸವೂ ಇರಬೇಕು. ವಯಸ್ಸಿನ ಮಿತಿ ಪ್ರತಿ ವರ್ಷ ಪ್ರಕಟಿಸುತ್ತಾರೆ. ಉದಾಹರಣೆಗೆ 2026-27ರ ಸಾಲಿಗೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದ ಮಕ್ಕಳಿಗೆ ಅವಕಾಶ ಇತ್ತು. ಒಂದು ಮಗು ಜೀವನದಲ್ಲಿ ಒಂದೇ ಸಲ ಈ ಪರೀಕ್ಷೆ ಬರೆಯಬಹುದು. ಐದನೇ ಕ್ಲಾಸು ಮತ್ತೊಮ್ಮೆ ಓದಿಸಿ ಬರೆಸುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಳ್ಳಿ ಮಕ್ಕಳಿಗೆ ಕನಿಷ್ಠ ನೂರಕ್ಕೆ 75 ಸೀಟು. ಇದಕ್ಕೆ 3, 4, 5ನೇ ತರಗತಿ ಮೂರನ್ನೂ ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ ಅಂತಲೇ ಲೆಕ್ಕ. ಮನೆ ಹಳ್ಳಿಯಲ್ಲಿದ್ದು ಮಗು ವ್ಯಾನಿನಲ್ಲಿ ಪಟ್ಟಣದ ಶಾಲೆಗೆ ಹೋಗುತ್ತಿದ್ದರೆ ಗ್ರಾಮೀಣ ಅಂತ ಹಾಕಬೇಡಿ. ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆ.

ಇನ್ನೊಂದು ಮಾತು, ಒಬಿಸಿ ಮೀಸಲಾತಿ ಬಗ್ಗೆ. ಇಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ನಮ್ಮ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಇದೆ ಅಂತ ಸುಮ್ನೆ ಕೂರಬೇಡಿ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡು, ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕೆ ಆಗಲೇ ಓಡಾಡಿ. ಮುಖ್ಯ ಶಿಕ್ಷಕರ ಸಹಿ, ಸೀಲು ಇರುವ ಪ್ರಮಾಣಪತ್ರ, ಮಗುವಿನ ಫೋಟೋ, ಮಗುವಿನ ಸಹಿ, ಪೋಷಕರ ಸಹಿ ಅಪ್‌ಲೋಡ್ ಮಾಡಬೇಕು. ಪ್ರಮಾಣಪತ್ರದಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತಿದೆಯಾ ಅಂತ ಎರಡು ಸಲ ನೋಡಿ.

ಪರೀಕ್ಷೆಯ ಭಾಷೆ ಆರಿಸುವಾಗ ಎಚ್ಚರ. ಕನ್ನಡ, ಇಂಗ್ಲಿಷ್ ಎರಡೂ ಇದೆ. ಮಗು ಲೆಕ್ಕವನ್ನು ಯಾವ ಭಾಷೆಯಲ್ಲಿ ಕಲಿಯುತ್ತಿದೆಯೋ ಅದನ್ನೇ ಹಾಕಿ. ಇಂಗ್ಲಿಷ್ ಅಂದರೆ ಮರ್ಯಾದೆ ಅಂದುಕೊಂಡು ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಹಾಕಿದರೆ, ಪ್ರಶ್ನೆ ಅರ್ಥ ಮಾಡಿಕೊಳ್ಳುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ತಪ್ಪಾಗಿ ಹಾಕಿದ್ದರೆ ತಿದ್ದುಪಡಿಗೆ ಕೆಲವು ದಿನ ಬಿಡುತ್ತಾರೆ, ಆಗ ಬದಲಿಸಿ.

ಪ್ರಶ್ನೆಪತ್ರಿಕೆಯ ಲೆಕ್ಕಾಚಾರ

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದು ಪ್ರಶ್ನೆಗೆ 1.25 ಅಂಕ. ಮಾನಸಿಕ ಸಾಮರ್ಥ್ಯ, ಅಂದರೆ ಚಿತ್ರ ನೋಡಿ ಉತ್ತರಿಸುವುದು, 40 ಪ್ರಶ್ನೆ, 50 ಅಂಕ. ಅಂಕಗಣಿತ 20 ಪ್ರಶ್ನೆ, 25 ಅಂಕ. ಭಾಷೆ 20 ಪ್ರಶ್ನೆ, 25 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಅಂದರೆ ಒಂದೂ ಪ್ರಶ್ನೆ ಬಿಡಬಾರದು. ಆದರೆ ಮೂರೂ ಭಾಗದಲ್ಲಿ ಬೇರೆ ಬೇರೆಯಾಗಿ ಅರ್ಹತೆ ಪಡೆಯಬೇಕು. ಲೆಕ್ಕ ಬಿಟ್ಟು ಚಿತ್ರದಲ್ಲಿ ಮಾತ್ರ ಬಾಚಿಕೊಳ್ಳುತ್ತೇನೆ ಅಂದರೆ ನಡೆಯಲ್ಲ.

ಒಟ್ಟು ಅಂಕದಲ್ಲಿ ಅರ್ಧ ಚಿತ್ರಗಳದ್ದು. ಶಾಲೆಯ ಪಾಠದಲ್ಲಿ ಇಲ್ಲದ್ದು ಅದೊಂದೇ. ನನ್ನ ಅನುಭವದಲ್ಲಿ ಅಪ್ಪ ಅಮ್ಮ ನಿಜವಾಗಿ ಸಹಾಯ ಮಾಡಬಹುದಾದ ಜಾಗವೂ ಅದೇ.

ವರ್ಷವನ್ನು ಹಂಚಿಕೊಳ್ಳುವುದು

ನಾಲ್ಕನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಶುರು ಮಾಡಿ. ಏಪ್ರಿಲ್, ಮೇನಲ್ಲಿ ಗೈಡು ಮುಟ್ಟಲೇಬೇಡಿ. 20ರವರೆಗೆ ಮಗ್ಗಿ, ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದುವುದು. ಇಷ್ಟೇ. ಅರ್ಧ ಗಂಟೆ ಸಾಕು, ಉಳಿದ ಹೊತ್ತು ಅಜ್ಜಿ ಮನೆ, ಆಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಠ: ವಾರಕ್ಕೆ ಒಂದು ಬಗೆಯ ಚಿತ್ರ, ಒಂದು ಬಗೆಯ ಲೆಕ್ಕ. ದಸರಾ ರಜೆಯಿಂದ ಮಾದರಿ ಪ್ರಶ್ನೆಪತ್ರಿಕೆ. ದಿನಕ್ಕೆ ಒಂದು ಗಂಟೆ ದಾಟಿಸಬೇಡಿ. ಕೊನೆಯ ತಿಂಗಳು ಮಾತ್ರ ಭಾನುವಾರ ಎರಡು ಗಂಟೆ.

ಮಗನ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೇ. ಮಗಳಿಗೆ ಆಗಿದೆ, ಇವನಿಗೂ ಆಗಲೇಬೇಕು ಅಂತ ಬೆಳಿಗ್ಗೆ ಐದಕ್ಕೆ ಎಬ್ಬಿಸಿದೆ. ರಾತ್ರಿ ಒಂಬತ್ತೂವರೆವರೆಗೆ ಕೂರಿಸಿದೆ. ನವೆಂಬರ್ ಹೊತ್ತಿಗೆ ಪುಸ್ತಕ ತೆಗೆದರೆ ಸಾಕು, ಹೊಟ್ಟೆನೋವು ಅನ್ನುತ್ತಿದ್ದ. ಅದು ಸುಳ್ಳಲ್ಲ. ನಿಜವಾಗಿಯೂ ನೋಯುತ್ತಿತ್ತು. ನಿದ್ದೆಗೆಟ್ಟ ಹತ್ತು ವರ್ಷದ ಮಗು ಏನನ್ನೂ ಕಲಿಯಲ್ಲ.

ಚಿತ್ರಗಳು: ಮೊದಲು ಕೈ, ಆಮೇಲೆ ಕಣ್ಣು

ಮಾನಸಿಕ ಸಾಮರ್ಥ್ಯದಲ್ಲಿ ಹತ್ತು ಬಗೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ್ದು, ಅದೇ ಚಿತ್ರ ಹುಡುಕುವುದು, ವಿನ್ಯಾಸ ಪೂರ್ತಿ ಮಾಡುವುದು, ಸರಣಿ ಮುಂದುವರಿಸುವುದು, ಸಂಬಂಧ ಗುರುತಿಸುವುದು, ತ್ರಿಭುಜ ಚೌಕ ವೃತ್ತ ಪೂರ್ತಿ ಮಾಡುವುದು, ಕನ್ನಡಿ ಬಿಂಬ, ಕಾಗದ ಮಡಿಸಿ ತೂತು ಮಾಡುವುದು, ತುಂಡು ಜೋಡಿಸುವುದು, ಅಡಗಿರುವ ಚಿತ್ರ.

ಇವನ್ನು ನೇರವಾಗಿ ಗೈಡಿನಿಂದ ಶುರು ಮಾಡಿದರೆ ಮಗು ಊಹೆ ಮಾಡಲು ಕಲಿಯುತ್ತದೆ. ಕೈಯಲ್ಲಿ ಮಾಡಿಸಿದರೆ ಅರ್ಥ ಆಗುತ್ತದೆ.

ಕಾಗದದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ಚೌಕವಾಗಿ ಕತ್ತರಿಸಿ. ಒಂದು ಸಲ ಮಧ್ಯಕ್ಕೆ ಮಡಿಸಿ, ಪೆನ್ಸಿಲ್ ಮೊನೆಯಿಂದ ಒಂದು ತೂತು ಚುಚ್ಚಿ. ಬಿಚ್ಚುವ ಮೊದಲು ಕೇಳಿ: "ಎಷ್ಟು ತೂತು ಇರುತ್ತೆ? ಎಲ್ಲೆಲ್ಲಿ?" ಮಗು ಬೆರಳಿಟ್ಟು ತೋರಿಸಲಿ. ಆಮೇಲೆ ಬಿಚ್ಚಿ. ಎರಡು ತೂತು, ಮಡಿಕೆಯ ಆಚೆ ಈಚೆ ಒಂದೇ ದೂರದಲ್ಲಿ. ಈಗ ಎರಡು ಸಲ ಮಡಿಸಿ ಚುಚ್ಚಿ. ನಾಲ್ಕು ತೂತು. ಮಡಿಕೆಗಳು ಕೂಡುವ ಮೂಲೆಯ ಹತ್ತಿರ ಚುಚ್ಚಿದರೆ ನಾಲ್ಕೂ ಹಾಳೆಯ ನಡುವೆ ಒತ್ತಾಗಿ ಬರುತ್ತವೆ. ಅದರ ಎದುರಿನ ಮೂಲೆಯಲ್ಲಿ ಚುಚ್ಚಿದರೆ ಹಾಳೆಯ ನಾಲ್ಕು ಮೂಲೆಗೆ ಹೋಗಿ ಕೂರುತ್ತವೆ. ನನ್ನ ಮಗಳು ಇದನ್ನು ಮೊದಲ ಸಲ ನೋಡಿದಾಗ ಹಾಳೆಯನ್ನು ಮತ್ತೆ ಮಡಿಸಿದಳು, ಮತ್ತೆ ಬಿಚ್ಚಿದಳು. ಐದಾರು ಸಲ ಹಾಗೇ ಮಾಡಿದಳು. ನಾನು ಏನೂ ಹೇಳಲಿಲ್ಲ. ಹತ್ತು ದಿನದಲ್ಲಿ ಹಾಳೆ ಇಲ್ಲದೆಯೇ ಉತ್ತರ ಹೇಳಲು ಶುರು ಮಾಡಿದಳು. ಅವಸರ ಮಾಡದೆ ಆ ಹತ್ತು ದಿನ ಕೊಡಿ.

ಕನ್ನಡಿ ಬಿಂಬಕ್ಕೆ ಒಂದು ಚಿಕ್ಕ ಕನ್ನಡಿ ಸಾಕು. ಮಗು ತನ್ನ ಹೆಸರು ಬರೆದು ಬಲಗಡೆ ಕನ್ನಡಿ ನಿಲ್ಲಿಸಲಿ. ಎಡ ಬಲ ಬದಲಾಗುತ್ತದೆ, ಮೇಲೆ ಕೆಳಗೆ ಬದಲಾಗಲ್ಲ. ಇದೊಂದು ಸೂತ್ರ ಬಾಯಲ್ಲಿ ಹೇಳಿದರೆ ಮರೆಯುತ್ತದೆ, ಕಣ್ಣಲ್ಲಿ ನೋಡಿದರೆ ಮರೆಯಲ್ಲ. ಗೋಡೆ ಗಡಿಯಾರ ಮೂರು ಗಂಟೆ ತೋರಿಸುವಾಗ ಕನ್ನಡಿಯಲ್ಲಿ ತೋರಿಸಿ, ಒಂಬತ್ತು ಕಾಣುತ್ತದೆ. 0, 8 ಯಾಕೆ ಹಾಗೇ ಇರುತ್ತವೆ, 3 ಯಾಕೆ ತಿರುಗುತ್ತದೆ ಅಂತ ಮಗುವೇ ಹೇಳಲಿ.

ತುಂಡು ಜೋಡಿಸುವ ಪ್ರಶ್ನೆಗೆ ಮನೆಯಲ್ಲಿರುವ ಹಳೆಯ ಮದುವೆ ಕಾರ್ಡುಗಳು ಬಹಳ ಚೆನ್ನಾಗಿ ಆಗುತ್ತವೆ, ರಟ್ಟು ಗಟ್ಟಿ ಇರುತ್ತದಲ್ವಾ. ಒಂದು ಚೌಕ, ಒಂದು ತ್ರಿಭುಜ, ಒಂದು ವೃತ್ತ ಕತ್ತರಿಸಿ. ಒಂದೊಂದನ್ನು ಮೂರು ನಾಲ್ಕು ತುಂಡು ಮಾಡಿ ಕಲೆಸಿ ಕೊಡಿ. ಆಮೇಲೆ ಒಂದು ತುಂಡು ಬಚ್ಚಿಟ್ಟು, ಉಳಿದ ಜಾಗದ ಆಕಾರವನ್ನು ಬರೆಯಲು ಹೇಳಿ. ತ್ರಿಭುಜ, ಚೌಕ, ವೃತ್ತ ಪೂರ್ತಿ ಮಾಡುವ ಪ್ರಶ್ನೆಯೂ ಇದರಲ್ಲೇ ಕಲಿತಂತಾಯಿತು.

ಅಡಗಿರುವ ಚಿತ್ರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಂದನ್ನು ಪುಸ್ತಕದ ಮೇಲೆ ಇಟ್ಟು, ಚಿಕ್ಕ ಚಿತ್ರವನ್ನು ಸ್ಕೆಚ್ ಪೆನ್ನಿನಿಂದ ಬಿಡಿಸಿ, ದೊಡ್ಡ ಚಿತ್ರದ ಮೇಲೆ ಜರುಗಿಸಿ ನೋಡಲಿ.

ಉಳಿದವಕ್ಕೆ ವಸ್ತು ಬೇಡ, ನೋಡುವ ಕ್ರಮ ಬೇಕು. ಮಗುವಿಗೆ ನಾನು ನಾಲ್ಕು ಪ್ರಶ್ನೆ ಹೇಳಿಕೊಟ್ಟಿದ್ದೆ: ಗೆರೆ ಎಷ್ಟು? ಯಾವ ಕಡೆ ತಿರುಗಿದೆ? ಕಪ್ಪು ಎಲ್ಲಿ, ಬಿಳಿ ಎಲ್ಲಿ? ಒಳಗಿರುವುದು ಹೊರಗೆ ಬಂತಾ? ಸರಣಿಯಲ್ಲಿ ಎರಡು ಮೂರು ಭಾಗ ಒಟ್ಟಿಗೆ ಚಲಿಸುತ್ತಿದ್ದರೆ ಎಲ್ಲವನ್ನೂ ಒಂದೇ ಸಲ ನೋಡಬಾರದು. ಮೊದಲು ಬಾಣ ಮಾತ್ರ ಹಿಡಿದುಕೊಂಡು ಅದು ಎತ್ತ ಹೋಗುತ್ತಿದೆ ನೋಡಿ, ಹೊಂದದ ಉತ್ತರ ಹೊಡೆದುಹಾಕಬೇಕು. ಆಮೇಲೆ ಚುಕ್ಕೆ. ಹೆಚ್ಚಿನ ಸಲ ಅಷ್ಟಕ್ಕೇ ಒಂದೇ ಉತ್ತರ ಉಳಿದಿರುತ್ತದೆ.

ಲೆಕ್ಕ: ಉತ್ತರ ಬೇಡ, ದಾರಿ ಹೇಳಿಸಿ

ಲೆಕ್ಕದ ಪಾಠ ಶಾಲೆಯದೇ. ಸಂಖ್ಯೆಗಳು, ನಾಲ್ಕು ಮೂಲಕ್ರಿಯೆ, ಅಪವರ್ತನ ಮತ್ತು ಅಪವರ್ತ್ಯ, ಲ.ಸಾ.ಅ., ಮ.ಸಾ.ಅ., ಭಿನ್ನರಾಶಿ, ದಶಮಾಂಶ, ಉದ್ದ ತೂಕ ಹಾಲು ಎಣ್ಣೆಯ ಅಳತೆ, ಸಮಯ, ಹಣ, ಲಾಭ ನಷ್ಟ, ಸುತ್ತಳತೆ, ವಿಸ್ತೀರ್ಣ, ಕೋನ, ಸ್ತಂಭಾಲೇಖ. ಪಠ್ಯಪುಸ್ತಕ ಪೂರ್ತಿ ಮಾಡಿಸದೆ ಗೈಡಿಗೆ ಹೋಗಬೇಡಿ.

ಒಂದು ಸಂಜೆ ನಡೆದದ್ದು ಹೇಳುತ್ತೇನೆ. ಲೆಕ್ಕ ಹೀಗಿತ್ತು: ಬಸ್ಸು ಬೆಳಿಗ್ಗೆ 9.45ಕ್ಕೆ ಹೊರಟು ಮಧ್ಯಾಹ್ನ 1.20ಕ್ಕೆ ತಲುಪಿತು, ಪ್ರಯಾಣದ ಅವಧಿ ಎಷ್ಟು? ಮಗ 13.20ರಲ್ಲಿ 9.45 ಕಳೆದು 3.75 ಅಂತ ಬರೆದ. ಕೂಡುವುದು ಕಳೆಯುವುದರಲ್ಲಿ ತಪ್ಪೇ ಇಲ್ಲ. ನಾನು ಸಿಟ್ಟಾಗಿ ಸರಿ ಉತ್ತರ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಅವನೇ, "ಅಮ್ಮ, ಎಪ್ಪತ್ತೈದು ನಿಮಿಷ ಅಂದ್ರೆ ಒಂದು ಗಂಟೆಗಿಂತ ಜಾಸ್ತಿ ಆಯ್ತಲ್ವಾ?" ಅಂದ. ದಶಕ ತೆಗೆದುಕೊಳ್ಳುವಾಗ 60ರ ಬದಲು 100 ತೆಗೆದುಕೊಂಡಿದ್ದೇನೆ ಅಂತ ಅವನಿಗೇ ಹೊಳೆಯಿತು. ಆಮೇಲೆ ಬೆರಳಲ್ಲಿ ಎಣಿಸಿದೆವು: 9.45ರಿಂದ 10ಕ್ಕೆ 15 ನಿಮಿಷ, 10ರಿಂದ 1ಕ್ಕೆ 3 ಗಂಟೆ, ಅಲ್ಲಿಂದ 20 ನಿಮಿಷ. ಒಟ್ಟು 3 ಗಂಟೆ 35 ನಿಮಿಷ. ಈ ತಪ್ಪು ಅವನು ಮತ್ತೆ ಮಾಡಲಿಲ್ಲ. ಮಗು ತಪ್ಪು ಉತ್ತರ ಕೊಟ್ಟಾಗ "ಹೇಗೆ ಬಂತು, ಹೇಳು" ಅಂತ ಕೇಳಿ, ಒಂದು ನಿಮಿಷ ಬಾಯಿ ಮುಚ್ಚಿ ಕೂರಿ. ಅದು ಕಷ್ಟ. ಆದರೂ ಕೂರಿ.

ಮನೆ ತುಂಬಾ ಲೆಕ್ಕ ಇದೆ. 5 ಲೀಟರ್ ಹಾಲಿನ ಕ್ಯಾನು, 250 ಮಿಲಿಲೀಟರ್ ಲೋಟ, ಎಷ್ಟು ಲೋಟ? ಸಂತೆಯಲ್ಲಿ ಕಾಲು ಕೆಜಿ ಹಸಿಮೆಣಸಿನಕಾಯಿ, ಒಂದೂವರೆ ಕೆಜಿ ಟೊಮೆಟೊ, 200 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು? ಒಂದು ಬಸ್ಸು 20 ನಿಮಿಷಕ್ಕೊಮ್ಮೆ, ಇನ್ನೊಂದು 30 ನಿಮಿಷಕ್ಕೊಮ್ಮೆ, ಈಗ ಎರಡೂ ಒಟ್ಟಿಗೆ ಹೊರಟವು, ಮತ್ತೆ ಯಾವಾಗ ಒಟ್ಟಿಗೆ? 60 ನಿಮಿಷಕ್ಕೆ. ಲ.ಸಾ.ಅ. ಅನ್ನುವುದು ಇದೇ ಅಂತ ತಿಳಿದ ಮೇಲೆ ಭಯ ಹೋಗುತ್ತದೆ. ಸುತ್ತಳತೆ, ವಿಸ್ತೀರ್ಣ ಕಲೆಸಿಕೊಳ್ಳುವ ಮಕ್ಕಳು ಬಹಳ. ಅಂಗಳಕ್ಕೆ ಬೇಲಿ ಹಾಕುವುದು ಸುತ್ತಳತೆ, ಅಂಗಳ ಸಾರಿಸುವುದು ವಿಸ್ತೀರ್ಣ ಅಂತ ಹೇಳಿ, ಟೇಪು ಕೊಟ್ಟು ಅಳೆಸಿ.

ನಾಲ್ಕು ಉತ್ತರ ಕೊಟ್ಟಿರುತ್ತಾರೆ ಅಲ್ವಾ, ಅದನ್ನು ಬಳಸಿಕೊಳ್ಳಲು ಕಲಿಸಿ. 312 × 47 ಎಷ್ಟು? ಉತ್ತರಗಳು 14,664, 14,646, 1,466, 13,662. ಬಿಡಿ ಸ್ಥಾನ ಮಾತ್ರ ಗುಣಿಸಿ: ಎರಡು ಏಳಲಿ ಹದಿನಾಲ್ಕು. ಉತ್ತರ 4ರಲ್ಲಿ ಮುಗಿಯಬೇಕು. ಅಂಥದ್ದು ಒಂದೇ ಇದೆ, 14,664. ಇದನ್ನು ಮಗು ಮೋಸ ಅಂದುಕೊಳ್ಳಬಹುದು. ಅಲ್ಲ, ಇದೂ ಲೆಕ್ಕವೇ ಅಂತ ಹೇಳಿ. ಆದರೆ ಮನೆ ಅಭ್ಯಾಸದಲ್ಲಿ ಪೂರ್ತಿ ಗುಣಿಸಿ ತಾಳೆ ನೋಡಲಿ.

ಭಾಷೆ

ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಕನ್ನಡ ಮಾತಾಡುವ ಮಗುವಿಗೆ ಇದು ಸುಲಭ ಅಂತ ನಾವು ಬಿಟ್ಟುಬಿಡುತ್ತೇವೆ. ಮಗನಿಗೆ ಇಲ್ಲೇ ಹೊತ್ತು ಸಾಲದಾಯಿತು. ಅವನು ಒಂದೊಂದೇ ಅಕ್ಷರ ಜೋಡಿಸಿ ಓದುತ್ತಿದ್ದ, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ದಿನಾ ಹತ್ತು ನಿಮಿಷ ಪತ್ರಿಕೆಯನ್ನೋ ಕತೆ ಪುಸ್ತಕವನ್ನೋ ಗಟ್ಟಿಯಾಗಿ ಓದಿಸಿ. ಆಮೇಲೆ ಅದರಲ್ಲೇನಿತ್ತು ಅಂತ ಮಗು ತನ್ನ ಮಾತಲ್ಲಿ ಅಜ್ಜಿಗೆ ಹೇಳಲಿ.

ಪ್ರಶ್ನೆಗಳಲ್ಲಿ ಕೆಲವು ಸೀದಾ ಗದ್ಯದಲ್ಲೇ ಇರುತ್ತವೆ. ಕೆಲವು ಸಾಲಿನ ಹಿಂದೆ ಇರುತ್ತವೆ. "ಕೆರೆ ತುಂಬಿದ ವರ್ಷ ಊರಿನಲ್ಲಿ ಮದುವೆಗಳು ಜಾಸ್ತಿ" ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಯಾಕೆ ಜಾಸ್ತಿ ಅಂತ ಕೇಳಿದರೆ, ನೀರಿದ್ದರೆ ಬೆಳೆ ಬರುತ್ತದೆ, ಬೆಳೆ ಬಂದರೆ ಕೈಯಲ್ಲಿ ದುಡ್ಡು ಇರುತ್ತದೆ ಅಂತ ಮಗು ತಾನೇ ಯೋಚಿಸಬೇಕು. ಇಂಥದ್ದನ್ನು ಊಟ ಮಾಡುವಾಗ ಮಾತಾಡುತ್ತಲೇ ಕಲಿಸಬಹುದು. ಪದದ ಅರ್ಥ, ವಿರುದ್ಧ ಪದ, ಸೂಕ್ತ ಶೀರ್ಷಿಕೆ ಕೂಡ ಕೇಳುತ್ತಾರೆ. ಒಂದು ಎಚ್ಚರಿಕೆ: ತನಗೆ ಮೊದಲೇ ಗೊತ್ತಿರುವ ವಿಷಯದ ಮೇಲೆ ಉತ್ತರ ಹಾಕಬಾರದು. ಗದ್ಯ ಏನು ಹೇಳಿದೆಯೋ ಅದೇ ಉತ್ತರ.

ಗೋಲ ತುಂಬುವುದು

ಉತ್ತರ ಬರೆಯುವುದು ಒಎಂಆರ್ ಹಾಳೆಯಲ್ಲಿ, ಅಂದರೆ ಪ್ರತಿ ಪ್ರಶ್ನೆಯ ಸಾಲಿನಲ್ಲಿ ಸರಿ ಉತ್ತರದ ಗೋಲವನ್ನು ಪೆನ್ನಿನಿಂದ ತುಂಬುವ ಹಾಳೆಯಲ್ಲಿ. ನೀಲಿ ಅಥವಾ ಕಪ್ಪು ಬಾಲ್ ಪೆನ್ ಮಾತ್ರ. ಪೆನ್ಸಿಲ್ ಇಲ್ಲ. ಒಮ್ಮೆ ತುಂಬಿದ ಮೇಲೆ ಅಳಿಸುವುದು, ವೈಟ್ನರ್ ಹಾಕುವುದು, ತಿದ್ದುವುದು ನಡೆಯಲ್ಲ. ಅಲ್ಲಿಯವರೆಗೆ ಪೆನ್ಸಿಲ್, ರಬ್ಬರ್ ಹಿಡಿದ ಮಗು ಇದು. ಅಕ್ಟೋಬರ್‌ನಿಂದಲೇ ಪೆನ್ನು ಕೊಡಿ.

ಮಾದರಿ ಪರೀಕ್ಷೆಯಲ್ಲಿ ಒಂದು ಸಲ ಮಗಳಿಗೆ 40ಕ್ಕೆ 15 ಬಂತು. ನನಗೆ ಗಾಬರಿ. ಕೂತು ನೋಡಿದರೆ 17ನೇ ಪ್ರಶ್ನೆ ಬಿಟ್ಟಿದ್ದಳು, ಆದರೆ 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿದ್ದಳು. ಅಲ್ಲಿಂದ ಕೊನೆಯವರೆಗೆ ಒಂದೊಂದು ಸಾಲು ಜಾರಿತ್ತು. ಆವತ್ತಿನಿಂದ ಒಂದು ರೂಢಿ ಮಾಡಿದೆವು. ಗೋಲ ತುಂಬುವ ಮೊದಲು ಪ್ರಶ್ನೆ ಸಂಖ್ಯೆಯನ್ನು ತುಟಿಯಲ್ಲೇ ಹೇಳಿಕೊಳ್ಳುವುದು, ಐದು ಪ್ರಶ್ನೆಗೊಮ್ಮೆ ನಿಂತು ಸಂಖ್ಯೆ ತಾಳೆ ನೋಡುವುದು. ಕಷ್ಟದ ಪ್ರಶ್ನೆ ಬಿಡುವುದಾದರೆ ಪ್ರಶ್ನೆಪತ್ರಿಕೆಯಲ್ಲಿ ಸಣ್ಣ ಗುರುತು ಹಾಕಿ, ಆ ಭಾಗ ಮುಗಿಯುವ ಮೊದಲು ವಾಪಸ್ ಬಂದು ಏನಾದರೂ ತುಂಬಲೇಬೇಕು. ತಮ್ಮ ರೋಲ್ ನಂಬರ್ ಬರೆದು ಗೋಲ ತುಂಬುವುದನ್ನೂ ನಾಲ್ಕಾರು ಸಲ ಮಾಡಿಸಿ.

ತಪ್ಪಿನ ಪುಸ್ತಕ

ಒಂದು ಚಿಕ್ಕ ನೋಟ್‌ಬುಕ್ ಇಡಿ. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಅದರಲ್ಲಿ ಬರೆಯಬೇಕು, ಪಕ್ಕದಲ್ಲಿ ಕಾರಣ. ಕಾರಣ ಮೂರೇ: ಗೊತ್ತಿರಲಿಲ್ಲ, ಗೊತ್ತಿದ್ದೂ ಕೈ ತಪ್ಪಿತು, ಪ್ರಶ್ನೆ ಸರಿಯಾಗಿ ಓದಲಿಲ್ಲ. ಒಂದು ತಿಂಗಳು ನಡೆಸಿದರೆ ನಿಮ್ಮ ಮಗುವಿನ ಕಾಯಿಲೆ ಯಾವುದು ಅಂತ ಗೊತ್ತಾಗುತ್ತದೆ. ಮಗಳ ಪುಸ್ತಕದಲ್ಲಿ ಮೂರನೆಯದೇ ತುಂಬಿತ್ತು. "ಯಾವುದು ಅಲ್ಲ" ಅಂತ ಕೇಳಿದರೆ "ಯಾವುದು" ಅಂತ ಓದುತ್ತಿದ್ದಳು. ಅವಳಿಗೆ ಹೆಚ್ಚು ಪ್ರಶ್ನೆ ಮಾಡಿಸುವ ಬದಲು "ಅಲ್ಲ" ಅನ್ನುವ ಪದಕ್ಕೆ ಅಡಿಗೆರೆ ಎಳೆಯುವುದು ಕಲಿಸಿದೆ, ಅಷ್ಟಕ್ಕೇ ಅಂಕ ಏರಿತು. ಈ ಪುಸ್ತಕ ನೋಡಿ ಬೈಯಬಾರದು. ಬೈದರೆ ಮಗು ತಪ್ಪು ಬಚ್ಚಿಡಲು ಶುರು ಮಾಡುತ್ತದೆ.

ಮಾದರಿ ಪರೀಕ್ಷೆ, ಆಮೇಲೆ ನಿಜವಾದ ದಿನ

ಪರೀಕ್ಷೆ ನಡೆಯುವುದು ಬೆಳಿಗ್ಗೆ 11.30ರಿಂದ 1.30. ಮನೆಯಲ್ಲೂ ಭಾನುವಾರ ಅದೇ ಹೊತ್ತಿಗೆ ಕೂರಿಸಿ. ಆ ಹೊತ್ತಿಗೆ ಮಕ್ಕಳಿಗೆ ಹಸಿವು, ನಿದ್ದೆ ಎರಡೂ ಬರುತ್ತದೆ. ಏನು ತಿಂದರೆ ತಡೆಯುತ್ತದೆ ಅಂತ ಮೊದಲೇ ತಿಳಿಯುತ್ತದೆ. ಹಂಚಿಕೆ ಹೀಗಿರಲಿ: ಚಿತ್ರಕ್ಕೆ ಒಂದು ಗಂಟೆ, ಲೆಕ್ಕಕ್ಕೆ ಅರ್ಧ, ಭಾಷೆಗೆ ಅರ್ಧ. ಚಿತ್ರ ಚೆನ್ನಾಗಿ ರೂಢಿಯಾದ ಮಗು 45 ನಿಮಿಷದಲ್ಲಿ ಮುಗಿಸುತ್ತದೆ, ಉಳಿದದ್ದು ಲೆಕ್ಕಕ್ಕೆ ಸಿಗುತ್ತದೆ. ಅಂಗವಿಕಲ ಮಕ್ಕಳಿಗೆ 40 ನಿಮಿಷ ಹೆಚ್ಚು ಹೊತ್ತು ಸಿಗುತ್ತದೆ, ಅದಕ್ಕೆ ಪ್ರಮಾಣಪತ್ರ ಬೇಕು. ಹಳೆಯ ಪ್ರಶ್ನೆಪತ್ರಿಕೆ ಆರೇಳು ಮಾಡಿಸಿದರೆ ಸಾಕು. ಒಂದು ಪತ್ರಿಕೆ ಬರೆಸಿದ ಮೇಲೆ ಅದರ ತಪ್ಪು ನೋಡಲು ಎರಡು ಸಂಜೆ ಇಡಿ.

ಕೊನೆಯ ವಾರ ಹೊಸದೇನೂ ಬೇಡ. ತಪ್ಪಿನ ಪುಸ್ತಕ ಒಮ್ಮೆ ತಿರುವಿ ಹಾಕಿ. ಪ್ರವೇಶಪತ್ರ ಡೌನ್‌ಲೋಡ್ ಮಾಡಿ ಎರಡು ಪ್ರಿಂಟ್ ತೆಗೆಸಿಡಿ. ಕೇಂದ್ರ ಯಾವ ಊರಿನಲ್ಲಿದೆ, ಆ ದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸಿಕೊಳ್ಳಿ.

ಆ ದಿನ ಬೆಳಿಗ್ಗೆ ದಿನಾ ತಿನ್ನುವ ತಿಂಡಿಯನ್ನೇ ಕೊಡಿ. ಬರೆದು ಪಳಗಿದ ಎರಡು ಪೆನ್ನು, ಪ್ರವೇಶಪತ್ರ, ನೀರು. ಫೋನು, ಡಿಜಿಟಲ್ ವಾಚು ಬೇಡ. ಒಂದು ಗಂಟೆ ಮೊದಲೇ ತಲುಪಿ, ಶೌಚಾಲಯಕ್ಕೆ ಹೋಗಿ ಬರಲು ಹೇಳಿ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಾನು ಆರಿಸಿದ ಭಾಷೆಯದೇನಾ, ಪುಟಗಳೆಲ್ಲ ಇವೆಯಾ ನೋಡಬೇಕು, ಇಲ್ಲದಿದ್ದರೆ ಕೈ ಎತ್ತಿ ಹೇಳಬೇಕು. ನಾಚಿಕೆ ಸ್ವಭಾವದ ಮಗುವಿಗೆ ಇದನ್ನು ಮನೆಯಲ್ಲೇ ಆಡಿಸಿ ಕಲಿಸಿ, "ಸರ್, ನನ್ನದು ಕನ್ನಡ" ಅಂತ ಬಾಯಿ ಬಿಟ್ಟು ಹೇಳುವುದನ್ನು.

ಹೊರಗೆ ಬಂದಾಗ ಗೇಟಿನಲ್ಲೇ ನಿಲ್ಲಿಸಿ "ಎಷ್ಟು ಸರಿಯಾಯ್ತು?" ಅಂತ ಕೇಳಬೇಡಿ. ಅಲ್ಲಿ ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ. ಊಟ ಮಾಡಿಸಿ.

ಫಲಿತಾಂಶ ಬಂದ ಮೇಲೆ

ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು, ಜಿಲ್ಲೆಯಲ್ಲಿ ಬರೆಯುವ ಮಕ್ಕಳು ಸಾವಿರಾರು. ಇದನ್ನು ಮಗುವಿಗೆ ಪರೀಕ್ಷೆಗೆ ಮೊದಲೇ ಹೇಳಿರಬೇಕು, ಆಮೇಲೆ ಹೇಳಿದರೆ ಸಮಾಧಾನದ ಮಾತಾಗಿ ಕೇಳುತ್ತದೆ. ಪಟ್ಟಿಯಲ್ಲಿ ಹೆಸರು ಇಲ್ಲ ಅಂತ ಗೊತ್ತಾದ ದಿನ ಮಗ ಏನೂ ಮಾತಾಡಲಿಲ್ಲ. ರಾತ್ರಿ ಮಲಗುವಾಗ, "ಅಕ್ಕನಿಗಿಂತ ನಾನು ದಡ್ಡನಾ?" ಅಂದ. ಅಲ್ಲ ಅಂತ ನೂರು ಸಲ ಹೇಳುವುದಕ್ಕಿಂತ, ನಾನು ಅವನಿಗೆ ಐದಕ್ಕೆ ಎಬ್ಬಿಸಿದ್ದು ತಪ್ಪು ಅಂತ ಹೇಳಿದೆ. ಮರುದಿನ ಆಟಕ್ಕೆ ಹೋದ. ನಿಮ್ಮ ಮನೆಯಲ್ಲೂ ಎರಡು ಮಕ್ಕಳಿದ್ದರೆ ಹೋಲಿಸುವ ಮಾತು ನಿಮ್ಮ ಬಾಯಲ್ಲೂ ಬರಬಾರದು, ನೆಂಟರ ಬಾಯಲ್ಲೂ ಬರದಂತೆ ನೋಡಿಕೊಳ್ಳಿ.

ಕಲಿತದ್ದು ಎಲ್ಲಿಗೂ ಹೋಗಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಯಿಂದಲೇ ಸೇರಬಹುದು. ವಿಜಯಪುರ, ಕೊಡಗಿನ ಸೈನಿಕ ಶಾಲೆಗಳ ಆರನೇ ತರಗತಿ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಲೆಕ್ಕಕ್ಕೇ ಇದೆ. ನವೋದಯಕ್ಕೇ 9ನೇ ತರಗತಿಗೆ ಖಾಲಿ ಸೀಟುಗಳಿಗೆ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಮಗ ಈಗ ನಮ್ಮೂರಿನ ಶಾಲೆಯಲ್ಲೇ ಆರನೇ ಕ್ಲಾಸು. ಲೆಕ್ಕದಲ್ಲಿ ಅವನನ್ನು ಕೇಳಿಕೊಂಡು ಪಕ್ಕದ ಮನೆ ಮಕ್ಕಳು ಬರುತ್ತಾರೆ.

ಆಯ್ಕೆಯಾದರೆ ಒಂದು ಕೆಲಸ ನೆನಪಿಡಿ. ಖುಷಿಯಲ್ಲಿ ಓಡಿಹೋಗಿ ಹಳೆ ಶಾಲೆಯಿಂದ ಟಿಸಿ ತೆಗೆಸಬೇಡಿ. ಪಟ್ಟಿಯಲ್ಲಿ ಹೆಸರು ಬಂದದ್ದು ತಾತ್ಕಾಲಿಕ ಆಯ್ಕೆ. ದಾಖಲೆಗಳ ಪರಿಶೀಲನೆ ಮುಗಿದು ಪ್ರವೇಶ ಖಚಿತ ಆದ ಮೇಲೆ ಟಿಸಿ. ಮಾರ್ಕ್ಸ್ ಕಾರ್ಡು, ಜನನ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, 3, 4, 5ನೇ ತರಗತಿ ಓದಿದ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಎಲ್ಲದರ ಮೂಲ ಪ್ರತಿಯನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಉಳಿದ ದಿನಗಳಲ್ಲಿ ಮಗುವಿಗೆ ತನ್ನ ಬಟ್ಟೆ ತಾನೇ ಒಗೆಯುವುದು, ಜಡೆ ತಾನೇ ಹಾಕಿಕೊಳ್ಳುವುದು, ಹಾಸಿಗೆ ಮಡಿಸುವುದು ಕಲಿಸಿ. ನಮ್ಮ ಮನೆಯಲ್ಲಿ ಜಡೆ ಕಲಿಯಲು ಹದಿನೈದು ದಿನ ಹಿಡಿಯಿತು.